ಅಸ್ಟಿಗ್ಮ್ಯಾಟಿಸಂ: ಗಡುಸು ಲೆನ್ಸಿಗೆ ಕಣ್ಣು ಒಗ್ಗಿಕೊಳ್ಳುವುದು ಹೇಗೆ?

ಕಣ್ಣಿನ ಪರೀಕ್ಷೆ ಮುಗಿಸಿ ಹೊರಬಂದಾಗ ಕೈಗೆ ಸಿಗುವ ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಮೊದಲನೆಯದು ಸ್ಫೆರಿಕಲ್ ಪವರ್. 'ನನ್ನ ನಂಬರ್ ಮೈನಸ್ ಎರಡು' ಎಂದು ನಾವು ಹೇಳಿಕೊಳ್ಳುವುದು ಇದನ್ನೇ. ಎರಡನೆಯದು ಸಿಲಿಂಡರ್, ಮೂರನೆಯದು ಆಕ್ಸಿಸ್. ಈ ಕೊನೆಯ ಎರಡು ಅಂಕಣಗಳಲ್ಲಿ ಅಂಕಿಗಳಿದ್ದರೆ ಆ ಕಣ್ಣಿಗೆ ಅಸ್ಟಿಗ್ಮ್ಯಾಟಿಸಂ ಇದೆ ಎಂದರ್ಥ. ಅಂಥವರು ಕನ್ನಡಕ ಬಿಟ್ಟು ಲೆನ್ಸ್ ಧರಿಸಲು ಬಯಸಿದಾಗ ಮೆದು ಲೆನ್ಸ್ ಸಾಲದೆ ಹೋಗಬಹುದು. ಆಗ ವೈದ್ಯರು ಸೂಚಿಸುವುದು ಗಡುಸು ಲೆನ್ಸನ್ನು. ನಮ್ಮಲ್ಲಿ ಕನ್ನಡಕದಂಗಡಿಯವರು ಇದನ್ನು 'ಸೆಮಿ ಸಾಫ್ಟ್' ಎಂದು ಕರೆಯುವುದುಂಟು. ಹೆಸರು ಕೇಳಿ ಮೋಸಹೋಗಬಾರದು. ಅದು ಬೆರಳಿನಲ್ಲಿ ಮಡಚಲು ಬಾರದ, ಗಟ್ಟಿಯಾದ ಪ್ಲಾಸ್ಟಿಕ್ ಬಿಲ್ಲೆ. ಮೊದಲ ದಿನ ಕಣ್ಣಿಗೆ ಹಾಕಿಕೊಂಡವರಿಗೆ ಈ ಸಂಗತಿ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಲೆನ್ಸಿನ ಡಬ್ಬಿಯೊಡನೆ ಬರುವ ಸೂಚನಾ ಪತ್ರಗಳು ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತು ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುತ್ತವೆ. ಆದರೆ ಕಡಬ ತಾಲೂಕಿನ ಕೋಡಿಂಬಾಳದಂಥ ಊರನ್ನು ನೋಡಿ. ಮಂಗಳೂರಿನಿಂದ ಸುಬ್ರಹ್ಮಣ್ಯ ರೋಡ್‌ಗೆ ಹೋಗುವ ರೈಲು ಮಾರ್ಗದಲ್ಲಿ ಒಂದು ಪುಟ್ಟ ನಿಲ್ದಾಣ, ಸುತ್ತ ಅಡಿಕೆ ಮತ್ತು ರಬ್ಬರ್ ತೋಟಗಳು, ಸನಿಹದಲ್ಲೇ ಕುಮಾರಧಾರಾ, ವರ್ಷದ ನಾಲ್ಕು ತಿಂಗಳು ಎಡೆಬಿಡದ ಮಳೆ. ಇಂಥ ಊರುಗಳ ಮಕ್ಕಳು ಪುತ್ತೂರು, ಮಂಗಳೂರು, ಬೆಂಗಳೂರುಗಳಿಗೆ ಓದಲು, ದುಡಿಯಲು ಹೋಗುತ್ತಾರೆ; ಅಲ್ಲಿಯೇ ಲೆನ್ಸ್ ಮಾಡಿಸಿಕೊಂಡು ರಜೆಗೆ ಮನೆಗೆ ಮರಳುತ್ತಾರೆ. ಮರಳಿದ ಮೇಲೆ ಎದುರಾಗುವ ಬಾವಿಯ ನೀರು, ಹೊಳೆಯ ಸ್ನಾನ, ತೋಟಕ್ಕೆ ಸಿಂಪಡಿಸುವ ಸುಣ್ಣದ ದ್ರಾವಣ, ಒಲೆಯ ಹೊಗೆ ಇವು ಯಾವುವೂ ಆ ಪತ್ರದಲ್ಲಿರುವುದಿಲ್ಲ. ಕಣ್ಣಿಗೆ ಏನಾದರೂ ಆದರೆ ತಜ್ಞರ ಆಸ್ಪತ್ರೆಗೆ ಸುಮಾರು ಎರಡು ತಾಸಿನ ಹಾದಿ. ಆದ್ದರಿಂದ ಇಂಥ ಲೆನ್ಸ್ ಏನು, ಏಕೆ, ಅದಕ್ಕೆ ಒಗ್ಗಿಕೊಳ್ಳುವ ಕ್ರಮವೇನು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಒಳಿತು.

ಚುಕ್ಕೆಯಾಗಿ ನಿಲ್ಲದ ಬೆಳಕು

ಕಣ್ಣಿನ ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಹೊರಗಿನಿಂದ ಬಂದ ಬೆಳಕನ್ನು ಬಾಗಿಸುವ ಕೆಲಸದ ಬಹುಪಾಲು ನಡೆಯುವುದು ಇಲ್ಲಿಯೇ. ಒಳಗಿನ ಮಸೂರದ ಪಾಲು ಉಳಿದದ್ದು. ಕಾರ್ನಿಯಾ ಗೋಲಿಯ ಮೇಲ್ಮೈಯಂತೆ ಎಲ್ಲ ದಿಕ್ಕಿಗೂ ಸಮನಾಗಿ ಬಾಗಿದ್ದರೆ ಬೆಳಕು ಅಕ್ಷಿಪಟಲದ ಮೇಲೆ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಚಮಚದ ಬೆನ್ನಿನಂತೆ ಒಂದು ದಿಕ್ಕಿಗೆ ಹೆಚ್ಚು, ಅದಕ್ಕೆ ಅಡ್ಡಲಾದ ದಿಕ್ಕಿಗೆ ಕಡಿಮೆ ಬಾಗಿದ್ದರೆ ಬೆಳಕು ಎರಡು ಬೇರೆ ಬೇರೆ ದೂರಗಳಲ್ಲಿ ಗೆರೆಗಳಾಗಿ ಕೂಡುತ್ತದೆ. ಆಗ ಬಸ್ಸಿನ ಬೋರ್ಡಿನ ಅಕ್ಷರಗಳಿಗೆ ಬಾಲ ಬಂದಂತೆ, ರಾತ್ರಿ ಎದುರಿನ ವಾಹನದ ದೀಪ ಒಂದು ದಿಕ್ಕಿಗೆ ಚಾಚಿಕೊಂಡಂತೆ ಕಾಣುತ್ತದೆ.

ವ್ಯತ್ಯಾಸ ಎಷ್ಟು ಸೂಕ್ಷ್ಮವೆಂಬುದಕ್ಕೆ ಒಂದು ಲೆಕ್ಕ. ಕಾರ್ನಿಯಾದ ಬಾಗಿನ ತ್ರಿಜ್ಯ ಮೇಲೆ–ಕೆಳಗಿನ ದಿಕ್ಕಿನಲ್ಲಿ 7.5 ಮಿಲಿಮೀಟರ್, ಎಡ–ಬಲ ದಿಕ್ಕಿನಲ್ಲಿ 8 ಮಿಲಿಮೀಟರ್ ಇದೆಯೆನ್ನಿ. ಇರುವ ಅಂತರ ಬರೀ ಅರ್ಧ ಮಿಲಿಮೀಟರ್. ಆದರೆ ಇಷ್ಟರಿಂದಲೇ ಸುಮಾರು 2.8 ಡಯಾಪ್ಟರ್ ಅಸ್ಟಿಗ್ಮ್ಯಾಟಿಸಂ ಉಂಟಾಗುತ್ತದೆ. ಕನ್ನಡಕವಿಲ್ಲದೆ ಕಪ್ಪುಹಲಗೆ ಓದಲು ಕಷ್ಟಪಡಬೇಕಾದಷ್ಟು ದೋಷ ಇದು.

ಈ ದೋಷವನ್ನು ಮೊದಲಿಗೆ ವಿವರಿಸಿದವನು ಇಂಗ್ಲೆಂಡಿನ ಥಾಮಸ್ ಯಂಗ್. ಬೆಳಕು ಅಲೆಯೆಂದು ತೋರಿಸಿಕೊಟ್ಟ ಅದೇ ಯಂಗ್. 1801ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು ತನ್ನ ಕಣ್ಣಿನ ದೋಷವನ್ನೇ ಅಳೆದು ಬರೆದ. ಅವನು ಮಾಡಿದ ಒಂದು ಪ್ರಯೋಗ ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಕಣ್ಣಿನ ಮುಂದೆ ನೀರು ನಿಲ್ಲುವಂತೆ ಮಾಡಿಕೊಂಡು ಅವನು ನೋಡಿದ. ನೀರು ತಾಗಿದೊಡನೆ ಕಾರ್ನಿಯಾದ ಬಾಗಿಸುವ ಶಕ್ತಿ ಬಹುಮಟ್ಟಿಗೆ ಅಳಿದುಹೋಗುತ್ತದೆ. ಹಾಗಿದ್ದೂ ಅವನ ದೋಷ ಉಳಿದೇ ಇತ್ತು. ಆದ್ದರಿಂದ ತನ್ನ ದೋಷದ ಮೂಲ ಕಾರ್ನಿಯಾದಲ್ಲಿಲ್ಲ, ಒಳಗಿನ ಮಸೂರದಲ್ಲಿದೆ ಎಂದು ಅವನು ತೀರ್ಮಾನಿಸಿದ. 1825ರಲ್ಲಿ ಖಗೋಳ ವಿಜ್ಞಾನಿ ಜಾರ್ಜ್ ಏರಿ ತನ್ನ ಎಡಗಣ್ಣಿನ ದೋಷಕ್ಕೆ ಸಿಲಿಂಡರ್ ಆಕಾರದ ಗಾಜು ಅರೆಸಿಕೊಂಡು ಕನ್ನಡಕದ ಪರಿಹಾರ ಕಂಡುಕೊಂಡ. 'ಬಿಂದುವಿಲ್ಲದ್ದು' ಎಂಬರ್ಥದ ಗ್ರೀಕ್ ಮೂಲದಿಂದ ಅಸ್ಟಿಗ್ಮ್ಯಾಟಿಸಂ ಎಂಬ ಹೆಸರು ಕಟ್ಟಿದವನು ವಿಲಿಯಂ ಹ್ಯುವೆಲ್.

ಕಣ್ಣೀರೇ ಮಸೂರ

ಮೆದು ಲೆನ್ಸ್ ನೀರು ಹೀರಿಕೊಂಡು ಬಟ್ಟೆಯಂತೆ ಕಾರ್ನಿಯಾದ ಮೇಲೆ ಒರಗುತ್ತದೆ. ಒಳಗಿನ ಆಕಾರ ಚಮಚದಂತಿದ್ದರೆ ಲೆನ್ಸಿನ ಹೊರಮೈಯೂ ಹೆಚ್ಚುಕಡಿಮೆ ಹಾಗೆಯೇ ಆಗುತ್ತದೆ. ದೋಷ ಇದ್ದಲ್ಲಿಯೇ ಉಳಿಯುತ್ತದೆ. ಇದಕ್ಕೆಂದೇ 'ಟೋರಿಕ್' ಎಂಬ ಮೆದು ಲೆನ್ಸುಗಳಿವೆ. ಅವುಗಳಲ್ಲಿ ಸಿಲಿಂಡರ್ ಪವರ್ ಅಡಗಿರುತ್ತದೆ, ಕಣ್ಣಿನಲ್ಲಿ ತಿರುಗದಂತೆ ಕೆಳಭಾಗವನ್ನು ತುಸು ದಪ್ಪಗೆ ಮಾಡಿರುತ್ತಾರೆ. ಸಾಧಾರಣ ಪ್ರಮಾಣದ, ಕ್ರಮಬದ್ಧ ದೋಷಕ್ಕೆ ಇವು ಚೆನ್ನಾಗಿಯೇ ಒದಗುತ್ತವೆ. ಆದರೆ ಟೋರಿಕ್ ಲೆನ್ಸ್ ತನ್ನ ಸ್ಥಾನದಿಂದ 10 ಡಿಗ್ರಿ ತಿರುಗಿದರೆ ಲಾಭದ ಮೂರನೆಯ ಒಂದು ಭಾಗ ನಷ್ಟವಾಗುತ್ತದೆ. 30 ಡಿಗ್ರಿ ತಿರುಗಿದರೆ ಹಾಕಿಕೊಂಡೂ ಹಾಕಿಕೊಳ್ಳದ ಹಾಗೆ. ಸಿಲಿಂಡರ್ ನಂಬರ್ ದೊಡ್ಡದಿದ್ದವರಿಗೆ ರೆಪ್ಪೆ ಮಿಟುಕಿದಾಗಲೆಲ್ಲ ನೋಟ ಸ್ಪಷ್ಟ, ಅಸ್ಪಷ್ಟ ಎಂದು ಹೊಯ್ದಾಡುವುದು ಇದರಿಂದಲೇ.

ಗಡುಸು ಲೆನ್ಸಿನ ರೀತಿ ಬೇರೆ. ಅದು ಕಾರ್ನಿಯಾಕ್ಕೆ ಅಂಟಿಕೊಳ್ಳುವುದಿಲ್ಲ, ಕಣ್ಣೀರಿನ ಮೇಲೆ ತೇಲುತ್ತದೆ. ತನ್ನ ಆಕಾರವನ್ನು ಬಿಟ್ಟುಕೊಡುವುದಿಲ್ಲ. ಲೆನ್ಸಿನ ನುಣುಪಾದ ಒಳಮೈಗೂ ಏರುತಗ್ಗಿನ ಕಾರ್ನಿಯಾಕ್ಕೂ ನಡುವೆ ಉಳಿದ ಜಾಗವನ್ನು ಕಣ್ಣೀರು ತುಂಬಿಕೊಳ್ಳುತ್ತದೆ. ಮಬ್ಬುಗಾಜಿನ ಒರಟು ಮೈಗೆ ನೀರು ಬಳಿದಾಗ ಅದರಾಚೆಗಿನ ವಸ್ತು ತಟ್ಟನೆ ಕಾಣಿಸುವುದನ್ನು ಗಮನಿಸಿರಬಹುದು. ಇಲ್ಲಿ ನಡೆಯುವುದೂ ಅದೇ. ಕಣ್ಣೀರಿನ ವಕ್ರೀಭವನ ಸೂಚ್ಯಂಕ 1.336, ಕಾರ್ನಿಯಾದ್ದು 1.376. ಎರಡೂ ಇಷ್ಟು ಹತ್ತಿರವಿರುವುದರಿಂದ ಕಾರ್ನಿಯಾದ ಮುಂಭಾಗದ ದೋಷದಲ್ಲಿ ನೂರಕ್ಕೆ ಸುಮಾರು 90ರಷ್ಟು ಮಾಯವಾಗುತ್ತದೆ. ಬೆಳಕಿನ ಪಾಲಿಗೆ ಈಗ ಕಣ್ಣಿನ ಮುಂಬಾಗಿಲು ಲೆನ್ಸಿನ ನಯವಾದ ಹೊರಮೈ. ಲೆನ್ಸ್ ಎತ್ತ ತಿರುಗಿದರೂ ಚಿಂತೆಯಿಲ್ಲ, ಏಕೆಂದರೆ ದೋಷವನ್ನು ತಿದ್ದುತ್ತಿರುವುದು ಕಣ್ಣೀರು.

ಯಂಗ್‌ನಂತೆ ದೋಷದ ಮೂಲ ಒಳಗಿನ ಮಸೂರದಲ್ಲಿದ್ದವರಿಗೆ ಮಾತ್ರ ಸಾಮಾನ್ಯ ಗಡುಸು ಲೆನ್ಸಿನಿಂದ ಪ್ರಯೋಜನವಾಗದು. ಕನ್ನಡಕದ ಸಿಲಿಂಡರ್ ನಂಬರನ್ನು ಕಾರ್ನಿಯಾದ ಅಳತೆಯೊಂದಿಗೆ ತಾಳೆ ನೋಡಿದರೆ ಇದು ಮೊದಲೇ ತಿಳಿದುಬರುತ್ತದೆ. ಹಾಗೆ ತಾಳೆ ನೋಡದೆ ಲೆನ್ಸ್ ಕೊಡುವವರಿಂದ ಕೊಳ್ಳದಿರುವುದೇ ಲೇಸು.

1948ರಲ್ಲಿ ಅಮೆರಿಕದ ಕೆವಿನ್ ಟೂಹಿ ರೂಪಿಸಿದ ಕಾರ್ನಿಯಾ ಗಾತ್ರದ ಲೆನ್ಸುಗಳು ಪಿಎಂಎಂಎ ಎಂಬ ಪ್ಲಾಸ್ಟಿಕ್ಕಿನವು. ಅವುಗಳ ಮೂಲಕ ಆಮ್ಲಜನಕ ಹಾಯುತ್ತಿರಲಿಲ್ಲ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಉಸಿರಾಡುವುದು ಕಣ್ಣೀರಿನ ಮೂಲಕ ಗಾಳಿಯಿಂದಲೇ. ಹಾಗಾಗಿ ಆ ಹಳೆಯ ಲೆನ್ಸುಗಳನ್ನು ಧರಿಸಿದವರ ಕಾರ್ನಿಯಾ ಊದಿಕೊಳ್ಳುತ್ತಿತ್ತು. ಎಪ್ಪತ್ತರ ದಶಕದಲ್ಲಿ ಸಿಲಿಕಾನ್ ಬೆರೆಸಿದ, ಅನಿಲ ಹಾಯುವ ವಸ್ತುಗಳು ಬಂದವು. ಈಗ ಸಿಗುವ ಆರ್‌ಜಿಪಿ ಲೆನ್ಸುಗಳೆಲ್ಲ ಆ ಸಂತತಿಯವು. 'ಗಡುಸು ಲೆನ್ಸ್ ಕಣ್ಣಿಗೆ ಕೇಡು' ಎಂಬ ಹಿರಿಯರ ಮಾತಿನ ಹಿಂದೆ ಇರುವುದು ಬಹುಶಃ ಪಿಎಂಎಂಎ ಕಾಲದ ನೆನಪು.

ಮೊದಲ ಮೂರು ವಾರ

ಹಾಗಾದರೆ ಎಲ್ಲರೂ ಇದನ್ನೇ ಏಕೆ ಧರಿಸುವುದಿಲ್ಲ? ಒಗ್ಗಿಕೊಳ್ಳುವ ತನಕ ಅದು ಚುಚ್ಚುತ್ತದೆ ಎಂಬುದೇ ಉತ್ತರ. ಮೆದು ಲೆನ್ಸಿನ ವ್ಯಾಸ ಸುಮಾರು 14 ಮಿಲಿಮೀಟರ್. ಅದರ ಅಂಚು ರೆಪ್ಪೆಯ ಅಡಿಯಲ್ಲಿ ಅಡಗಿರುತ್ತದೆ. ಗಡುಸು ಲೆನ್ಸ್ 9ರಿಂದ 10 ಮಿಲಿಮೀಟರಿನಷ್ಟು. ಪ್ರತಿ ಮಿಟುಕಿಗೂ ಮೇಲ್ರೆಪ್ಪೆಯ ಅಂಚು ಲೆನ್ಸಿನ ಅಂಚನ್ನು ದಾಟಬೇಕು. ರೆಪ್ಪೆಯ ಈ ಅಂಚೂ ಕಾರ್ನಿಯಾವೂ ಅತಿ ಸೂಕ್ಷ್ಮ ಸಂವೇದನೆಯುಳ್ಳ ಭಾಗಗಳು. ದೂಳಿನ ಕಣವೊಂದು ಬಿದ್ದರೂ ಕಣ್ಣೀರು ಸುರಿಸಿ ಹೊರಹಾಕುವುದು ಅವುಗಳ ಕರ್ತವ್ಯ. ಲೆನ್ಸನ್ನು ಅವು ಮೊದಲಿಗೆ ಕಸವೆಂದೇ ಬಗೆಯುತ್ತವೆ.

ಹಾಕಿದ ಮೊದಲ 20–30 ನಿಮಿಷ ಧಾರಾಕಾರ ಕಣ್ಣೀರು. ಅದು ನಿಂತ ಮೇಲಷ್ಟೇ ಲೆನ್ಸ್ ಸರಿಯಾಗಿ ಕುಳಿತಿದೆಯೇ ಎಂದು ವೈದ್ಯರು ನೋಡಲು ಸಾಧ್ಯ. ಫ್ಲೋರೆಸಿನ್ ಎಂಬ ಬಣ್ಣವನ್ನು ಕಣ್ಣಿಗೆ ಹಚ್ಚಿ ನೀಲಿ ಬೆಳಕು ಬಿಟ್ಟರೆ ಕಣ್ಣೀರು ದಪ್ಪವಾಗಿ ನಿಂತಲ್ಲಿ ಹಸಿರು ಹೊಳೆಯುತ್ತದೆ, ಲೆನ್ಸ್ ತಾಗಿದಲ್ಲಿ ಕಪ್ಪಾಗಿ ಕಾಣುತ್ತದೆ. ಈ ಹಸಿರು–ಕಪ್ಪುಗಳ ನಕ್ಷೆ ನೋಡಿ ಲೆನ್ಸ್ ಬಿಗಿಯೋ ಸಡಿಲವೋ ಎಂದು ನಿರ್ಧರಿಸುತ್ತಾರೆ. ಲೆನ್ಸನ್ನು ಒಂದೆರಡು ಬಾರಿ ಬದಲಿಸಬೇಕಾಗಿ ಬಂದರೆ ಅದು ವೈದ್ಯರ ಅಜ್ಞಾನವಲ್ಲ, ಈ ಕೆಲಸದ ಸ್ವಭಾವವೇ ಹಾಗೆ. ಚಪ್ಪಲಿಯ ಅಳತೆಯಂತೆ ನಂಬರ್ ಹೇಳಿ ಕೊಳ್ಳುವ ವಸ್ತು ಇದಲ್ಲ.

ಮೊದಲ ದಿನ 3ರಿಂದ 4 ತಾಸು, ಆಮೇಲೆ ದಿನಕ್ಕೆ ಒಂದೆರಡು ತಾಸು ಹೆಚ್ಚಿಸುತ್ತ ಹೋಗುವುದು ವಾಡಿಕೆಯ ಕ್ರಮ. ವೈದ್ಯರು ಬರೆದುಕೊಟ್ಟ ಪಟ್ಟಿ ಇದಕ್ಕಿಂತ ನಿಧಾನವಾಗಿದ್ದರೆ ಅದನ್ನೇ ಅನುಸರಿಸಬೇಕು. ಎರಡರಿಂದ ನಾಲ್ಕು ವಾರಗಳಲ್ಲಿ ಹೆಚ್ಚಿನವರಿಗೆ ಲೆನ್ಸ್ ಇದೆಯೆಂಬುದೇ ಮರೆಯತೊಡಗುತ್ತದೆ. ಹಿಂದೆ ಮೆದು ಲೆನ್ಸ್ ಧರಿಸಿ ಆ ಹಾಯಿಯನ್ನು ಬಲ್ಲವರಿಗೆ ಈ ವಾರಗಳು ಹೆಚ್ಚು ದೀರ್ಘವೆನಿಸಬಹುದು. ಮದುವೆ–ಮುಂಜಿಗಳಿಗೆ ಮಾತ್ರ ಹಾಕಿಕೊಳ್ಳುತ್ತೇನೆ ಎನ್ನುವವರಿಗೆ ಗಡುಸು ಲೆನ್ಸ್ ತಕ್ಕುದಲ್ಲ. ನಾಲ್ಕೈದು ದಿನ ಬಿಟ್ಟರೆ ರೆಪ್ಪೆ ಮತ್ತೆ ಎಚ್ಚೆತ್ತುಕೊಳ್ಳುತ್ತದೆ, ತಾಸುಗಳನ್ನು ಕಡಿಮೆಯಿಂದ ಆರಂಭಿಸಬೇಕಾಗುತ್ತದೆ.

ಈ ಅವಧಿಯಲ್ಲಿ ಕಣ್ಣು ಒಂದು ಕೆಟ್ಟ ಅಭ್ಯಾಸವನ್ನು ಕಲಿಯಲು ನೋಡುತ್ತದೆ. ಅಂಚಿನ ಸ್ಪರ್ಶ ತಪ್ಪಿಸಲೆಂದು ರೆಪ್ಪೆಯನ್ನು ಅರ್ಧ ಮಾತ್ರ ಮುಚ್ಚುವುದು, ತಲೆಯನ್ನು ಹಿಂದಕ್ಕೆ ವಾಲಿಸಿ ಅರೆಗಣ್ಣಿನಲ್ಲಿ ನೋಡುವುದು. ಅರ್ಧ ಮಿಟುಕಿದರೆ ಲೆನ್ಸಿನ ಎಡಬಲಗಳಲ್ಲಿ ಕಾರ್ನಿಯಾ ಒಣಗುತ್ತದೆ. ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ಸ್ಥಾನಗಳಲ್ಲಿ ಕೆಂಪು ಮೂಡುತ್ತದೆ. ಆದ್ದರಿಂದ ದಿನಕ್ಕೆ ಹಲವು ಬಾರಿ ಉದ್ದೇಶಪೂರ್ವಕವಾಗಿ, ಹಿಂಡದೆ, ಮೃದುವಾಗಿ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯಬೇಕು. ಕೆಳಕ್ಕೆ ನೋಡುವಾಗ ಚುಚ್ಚುವಿಕೆ ಕಡಿಮೆ. ಹಾಗಾಗಿ ಮೊದಲ ದಿನಗಳಲ್ಲಿ ಪುಸ್ತಕ ಓದುತ್ತ ಕುಳಿತರೆ ತಾಸುಗಳು ಸುಲಭವಾಗಿ ಕಳೆಯುತ್ತವೆ.

ಕಸ ಬಿದ್ದಂಥ ಅನುಭವ, ಕಣ್ಣೀರು, ಬಿಸಿಲು ತಾಳದಿರುವುದು, ತುಸು ಕೆಂಪು, ಲೆನ್ಸ್ ತೆಗೆದ ಮೇಲೆ ಕನ್ನಡಕದಲ್ಲಿ ಸ್ವಲ್ಪ ಹೊತ್ತು ಮಸುಕು ಇವೆಲ್ಲ ಮೊದಲ ವಾರಗಳಲ್ಲಿ ಸಹಜ. ದಿನದಿಂದ ದಿನಕ್ಕೆ ಇಳಿಯುತ್ತಿರಬೇಕು, ಅಷ್ಟೇ. ಲೆನ್ಸ್ ತೆಗೆದ ಮೇಲೂ ನೋವು ಉಳಿದರೆ, ಕೆಂಪು ಏರುತ್ತ ಹೋದರೆ, ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಕೀವು ಬಂದರೆ, ನೋಟ ಕುಂದಿದರೆ ಅದು ಒಗ್ಗಿಕೊಳ್ಳುವಿಕೆಯ ಲಕ್ಷಣವಲ್ಲ. ಲೆನ್ಸ್ ತೆಗೆದಿಟ್ಟು ಅದೇ ದಿನ ನೇತ್ರತಜ್ಞರನ್ನು ಕಾಣಬೇಕು. ಸಹಿಸಿಕೊಂಡರೆ ಸರಿಹೋದೀತು ಎಂಬ ಛಲ ಇಲ್ಲಿ ಅಪಾಯಕಾರಿ.

ಹೊಸಬರನ್ನು ಕಾಡುವ ಇನ್ನೊಂದು ಭಯ, ಲೆನ್ಸ್ ಜಾರಿ ಕಣ್ಣಿನ ಹಿಂದಕ್ಕೆ ಹೋದೀತು ಎಂಬುದು. ಅದು ಸಾಧ್ಯವಿಲ್ಲ. ರೆಪ್ಪೆಯ ಒಳಪೊರೆ ಹಿಂದಕ್ಕೆ ಮಡಚಿ ಕಣ್ಣುಗುಡ್ಡೆಯ ಬಿಳಿಭಾಗವನ್ನು ಸೇರಿಕೊಳ್ಳುವುದರಿಂದ ಅಲ್ಲಿ ದಾರಿಯೇ ಇಲ್ಲ. ಬಿಳಿಗುಡ್ಡೆಯ ಮೇಲೆ ಜಾರಿ ನಿಂತರೆ ವೈದ್ಯರು ಸೂಚಿಸಿದ ತೇವದ ಹನಿ ಹಾಕಿ, ಕನ್ನಡಿ ನೋಡಿಕೊಂಡು, ರೆಪ್ಪೆಯ ಅಂಚಿನಿಂದ ಮೆಲ್ಲನೆ ಸಡಿಲಿಸಿದರೆ ಹೊರಬರುತ್ತದೆ.

ಬಾವಿ, ಹೊಳೆ, ತೋಟ

ಗಡುಸು ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆಯಬಹುದು ಎಂದು ಹಿಂದೆ ಹೇಳಿಕೊಡುತ್ತಿದ್ದುದುಂಟು. ಈಗ ಆ ಮಾತನ್ನು ಸಂಪೂರ್ಣವಾಗಿ ಕೈಬಿಡಬೇಕು. ಸಿಹಿನೀರಿನಲ್ಲಿಯೂ ಮಣ್ಣಿನಲ್ಲಿಯೂ ಬದುಕುವ ಅಕಾಂಥಮೀಬಾ ಎಂಬ ಏಕಕೋಶ ಜೀವಿ ಲೆನ್ಸಿನೊಡನೆ ಕಾರ್ನಿಯಾವನ್ನು ಸೇರಿದರೆ ತಿಂಗಳುಗಟ್ಟಲೆ ಔಷಧಿ ಬೇಕಾಗುವ, ಕೆಲವೊಮ್ಮೆ ದೃಷ್ಟಿಯನ್ನೇ ಕಸಿಯುವ ಹುಣ್ಣಾಗುತ್ತದೆ. ಅದರ ಕೋಶಕವಚ ಎಷ್ಟು ಗಟ್ಟಿಯೆಂದರೆ ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್ ಅದಕ್ಕೆ ಲೆಕ್ಕಕ್ಕಿಲ್ಲ. ಬಾವಿ, ಕೊಳವೆಬಾವಿ, ಬೆಟ್ಟದಿಂದ ಪೈಪಿನಲ್ಲಿ ತಂದ ಒರತೆ ನೀರು ಕಣ್ಣಿಗೆ ಕನ್ನಡಿಯಂತೆ ಕಂಡರೂ ಲೆನ್ಸಿಗೆ ನಿಷಿದ್ಧ. ಕುದಿಸಿ ಆರಿಸಿದ ನೀರೂ ಲೆನ್ಸಿನ ದ್ರಾವಣಕ್ಕೆ ಬದಲಿಯಲ್ಲ. ಕೈತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ಡಬ್ಬಿಯಲ್ಲಿ ಉಳಿದ ನಿನ್ನೆಯ ದ್ರಾವಣಕ್ಕೆ ಇಂದಿನದನ್ನು ಸೇರಿಸದೆ ಪೂರ್ತಿ ಚೆಲ್ಲಿ ಹೊಸತು ಹಾಕಬೇಕು. ನಮ್ಮ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೇ ಬೂಸ್ಟು ಹಿಡಿಯುವಾಗ ಲೆನ್ಸಿನ ಡಬ್ಬಿ ಹೊರತಲ್ಲ. ಮೂರು ತಿಂಗಳಿಗೊಮ್ಮೆ ಅದನ್ನು ಬದಲಿಸುವುದು ದುಬಾರಿಯೇನಲ್ಲ.

ಇದರರ್ಥ ಕುಮಾರಧಾರೆಯಲ್ಲಿ ಮುಳುಗು ಹಾಕುವ ಮುನ್ನ, ಕುಕ್ಕೆಯ ಸ್ನಾನಘಟ್ಟದಲ್ಲಿ ತೀರ್ಥಸ್ನಾನಕ್ಕೆ ಇಳಿಯುವ ಮುನ್ನ, ಮನೆಯ ಬಚ್ಚಲಿನಲ್ಲಿ ತಲೆಗೆ ನೀರು ಹೊಯ್ದುಕೊಳ್ಳುವ ಮುನ್ನವೂ ಲೆನ್ಸ್ ತೆಗೆದಿಡಬೇಕು. ಹೊಳೆಯಲ್ಲಿ ಕಣ್ಣುಬಿಟ್ಟರೆ ಗಡುಸು ಲೆನ್ಸ್ ತೇಲಿಹೋಗುವ ಸಂಭವವೂ ಇದೆ. ನೇತ್ರಾವತಿಯವರೆಗೆ ಹುಡುಕಿದರೂ ಅದು ಸಿಗಲಾರದು.

ಮುಂಗಾರಿನ ಆರಂಭದಲ್ಲಿ ಕೊಳೆರೋಗ ತಡೆಯಲು ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ ಅದು. ಸುಣ್ಣ ಕಾರ್ನಿಯಾದ ಪರಮ ವೈರಿ. ಸಿಂಪಡಣೆಯ ದಿನ ತೋಟದಲ್ಲಿರುವವರು ಲೆನ್ಸ್ ಬಿಟ್ಟು, ಕನ್ನಡಕದ ಮೇಲೆ ರಕ್ಷಣಾ ಕನ್ನಡಕ ಧರಿಸುವುದು ಕ್ಷೇಮ. ಅಕಸ್ಮಾತ್ ಸುಣ್ಣ ಸಿಡಿದರೆ ಮಾತ್ರ ನೀರಿನ ನಿಯಮ ತಲೆಕೆಳಗಾಗುತ್ತದೆ. ಆಗ ಯಾವ ನೀರಾದರೂ ಸರಿ, ಶುದ್ಧವಾಗಿ ಕಂಡ ನೀರನ್ನು ಕೂಡಲೇ ಧಾರಾಳವಾಗಿ ಹೊಯ್ಯತೊಡಗಬೇಕು, ಲೆನ್ಸನ್ನು ಆ ನಡುವೆ ತೆಗೆದುಬಿಡಬೇಕು, ಕಾಲು ಗಂಟೆಗೂ ಹೆಚ್ಚು ಕಾಲ ತೊಳೆದು ಆಮೇಲೆ ಆಸ್ಪತ್ರೆಗೆ ಹೊರಡಬೇಕು. ರಬ್ಬರ್ ಶೀಟು ಮಾಡುವಲ್ಲಿ ಬಳಸುವ ಆಮ್ಲಕ್ಕೂ ಇದೇ ಕ್ರಮ.

ಸೋಗೆಯ ತುದಿಯೋ ಹುಲ್ಲೋ ಕಣ್ಣಿಗೆ ತಾಗುವುದು ತೋಟದಲ್ಲಿ ದಿನನಿತ್ಯದ ಮಾತು. ದಕ್ಷಿಣ ಭಾರತದಲ್ಲಿ ಕಾರ್ನಿಯಾಕ್ಕೆ ಶಿಲೀಂಧ್ರದ ಸೋಂಕು ತಗಲುವುದು ಹೆಚ್ಚಾಗಿ ಇಂಥ ಗಾಯಗಳಿಂದ. ಗಾಯವಾದ ಕಣ್ಣಿಗೆ ಲೆನ್ಸ್ ಹಾಕಬಾರದು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಶಿಲೀಂಧ್ರಕ್ಕೆ ಗೊಬ್ಬರವಾಗುತ್ತದೆ. ನಂದಿಬಟ್ಟಲು ಹೂವಿನ ರಸ ಹಿಂಡುವ ರೂಢಿಯೂ ನಮ್ಮಲ್ಲಿದೆ. ಹೂವಿನ ಮೇಲೆ ಗೌರವವಿರಲಿ, ಲೆನ್ಸ್ ಧರಿಸುವವರ ಕಣ್ಣಿಗೆ ಅದು ಬೇಡ.

ದೂಳೆದ್ದ ರಸ್ತೆಯಲ್ಲಿ ಬೈಕಿನ ಪ್ರಯಾಣ ಗಡುಸು ಲೆನ್ಸಿನ ನಿಜವಾದ ಶತ್ರು. ಕಣವೊಂದು ಲೆನ್ಸಿನ ಅಡಿ ಸೇರಿದರೆ ಗಾಡಿ ನಿಲ್ಲಿಸದೆ ಗತ್ಯಂತರವಿಲ್ಲ. ಮುಖಕ್ಕೆ ಗಾಜಿರುವ ಹೆಲ್ಮೆಟ್ ಇಲ್ಲಿ ಇಮ್ಮಡಿ ಉಪಕಾರಿ. ಇನ್ನು ಬೆಂಗಳೂರಿನ ರಾತ್ರಿ ಬಸ್ಸು: ಲೆನ್ಸ್ ತೆಗೆಯದೆ ಸೀಟಿಗೊರಗಿ ನಿದ್ದೆಹೋಗುವವರು ಅದೆಷ್ಟೋ. ನಿದ್ದೆಯಲ್ಲಿ ಲೆನ್ಸ್ ಕಾರ್ನಿಯಾಕ್ಕೆ ಕಚ್ಚಿಕೊಳ್ಳುತ್ತದೆ, ಸೋಂಕಿನ ಭಯವೂ ಹೆಚ್ಚು. ಅಲುಗಾಡುವ ಬಸ್ಸಿನಲ್ಲಿ ತೆಗೆಯುವ ಸಾಹಸಕ್ಕಿಂತ ಹತ್ತುವ ಮೊದಲೇ ಮನೆಯಲ್ಲಿ ತೆಗೆದು ಕನ್ನಡಕ ಹಾಕಿಕೊಳ್ಳುವುದು ಮೇಲು. ಸರಿಯಾದ ನಂಬರಿನ ಕನ್ನಡಕವೊಂದು ಸದಾ ಕೈಯಲ್ಲಿರಬೇಕು ಎನ್ನುವುದು ಇದಕ್ಕಾಗಿಯೇ.

ನಂಬರ್ ಓಡುತ್ತಿದ್ದರೆ

ಮಕ್ಕಳ, ತರುಣರ ಸಿಲಿಂಡರ್ ನಂಬರ್ ಆರಾರು ತಿಂಗಳಿಗೆ ಏರುತ್ತಿದ್ದರೆ, ಆಕ್ಸಿಸ್ ಬದಲಾಗುತ್ತಿದ್ದರೆ, ಹೊಸ ಕನ್ನಡಕದಲ್ಲಿಯೂ ನೋಟ ಪೂರ್ತಿ ತಿಳಿಯಾಗದಿದ್ದರೆ ಅದನ್ನು ಬರಿಯ ಅಸ್ಟಿಗ್ಮ್ಯಾಟಿಸಂ ಎಂದು ತಳ್ಳಿಹಾಕಬಾರದು. ಕಾರ್ನಿಯಾ ತೆಳುವಾಗುತ್ತ ಶಂಕುವಿನಂತೆ ಮುಂಚಾಚುವ ಕೆರಟೊಕೋನಸ್ ಎಂಬ ಕಾಯಿಲೆ ಹದಿಹರೆಯದಲ್ಲಿ ಹೀಗೆಯೇ ಆರಂಭವಾಗುತ್ತದೆ. ಅಲರ್ಜಿಯ ತುರಿಕೆಗೆ ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸಕ್ಕೂ ಇದಕ್ಕೂ ನಂಟಿದೆ. ಕಾರ್ನಿಯಾದ ಏರುತಗ್ಗುಗಳ ನಕ್ಷೆ ತೆಗೆಯುವ ಟೋಪೋಗ್ರಫಿ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನೇತ್ರ ವಿಭಾಗಗಳಿವೆ. ಪರೀಕ್ಷೆಗಾಗಿ ಬೆಂಗಳೂರಿಗೇ ಓಡಬೇಕಾದ ಕಾಲ ಇದಲ್ಲ.

ಇಂಥ ಕಣ್ಣಿಗೆ ಕನ್ನಡಕಕ್ಕಿಂತ ಗಡುಸು ಲೆನ್ಸಿನಿಂದಲೇ ಸ್ಪಷ್ಟ ನೋಟ ದೊರೆಯುತ್ತದೆ. ನ್ಯೂಜಿಲೆಂಡಿನ ಪಾಲ್ ರೋಸ್ ರೂಪಿಸಿದ 'ರೋಸ್ ಕೆ'ಯಂಥ ವಿಶೇಷ ವಿನ್ಯಾಸಗಳೂ, ಕಾರ್ನಿಯಾವನ್ನು ಮುಟ್ಟದೆ ಬಿಳಿಗುಡ್ಡೆಯ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸುಗಳೂ ಇವೆ. ಆದರೆ ಒಂದನ್ನು ಸ್ಪಷ್ಟವಾಗಿ ಹೇಳಬೇಕು: ಲೆನ್ಸ್ ನೋಟವನ್ನು ತಿದ್ದುತ್ತದೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ನಿಲ್ಲಿಸಲು ಇರುವುದು ರೈಬೊಫ್ಲೇವಿನ್ ಹನಿ ಮತ್ತು ನೇರಳಾತೀತ ಕಿರಣಗಳಿಂದ ಕಾರ್ನಿಯಾದ ನಾರುಗಳನ್ನು ಬಿಗಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ. ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತಿದೆಯೆಂದು ಮರುಪರೀಕ್ಷೆ ತಪ್ಪಿಸಿಕೊಂಡರೆ ಆ ಚಿಕಿತ್ಸೆಯ ಕಾಲ ಮೀರಿಹೋಗುತ್ತದೆ. ಲೇಸಿಕ್ ಶಸ್ತ್ರಚಿಕಿತ್ಸೆ ಇಂಥ ಕಣ್ಣಿಗೆ ನಿಷಿದ್ಧ.

ಕಾಯಿಲೆ ತೀರ ಮುಂದುವರಿದರೆ ಉಳಿಯುವುದು ದಾನವಾಗಿ ಬಂದ ಕಾರ್ನಿಯಾದ ಕಸಿ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ನಿಧನರಾದಾಗ ಅವರ ಕಣ್ಣುಗಳು ದಾನವಾದವು. ಪುನೀತ್ ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು. ಕಸಿಯ ಹೊಲಿಗೆಗಳ ಎಳೆತದಿಂದ ಆಮೇಲೂ ಅಸ್ಟಿಗ್ಮ್ಯಾಟಿಸಂ ಉಳಿಯುವುದುಂಟು, ಅದಕ್ಕೆ ಮತ್ತೆ ಗಡುಸು ಲೆನ್ಸೇ ಬೇಕಾಗಬಹುದು ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ.

ಮರುಭೇಟಿಗೆ ಹೋಗುವಾಗ

ಚೆನ್ನಾಗಿ ನೋಡಿಕೊಂಡರೆ ಒಂದು ಜೊತೆ ಒಂದೆರಡು ವರ್ಷ ಬಾಳುತ್ತದೆ. ಬಚ್ಚಲ ತೂಬಿನ ಮೇಲೆ ಲೆನ್ಸ್ ತೊಳೆಯುವವರಿಗೆ ಅಷ್ಟು ದಿನ ಬಾಳುವ ಭಾಗ್ಯವಿಲ್ಲ. ತೂಬು ಮುಚ್ಚಿ, ಕೆಳಗೆ ಬಿಳಿ ಬಟ್ಟೆ ಹಾಸಿಕೊಳ್ಳುವುದು ಜಾಣತನ. ಗೀರು ಬಿದ್ದ ಲೆನ್ಸನ್ನು ಕರುಣೆಯಿಂದ ಉಳಿಸಿಕೊಳ್ಳಬಾರದು. ಕನ್ನಡಕದ ನಂಬರ್ ಬದಲಿಸಬೇಕಾದಾಗ ಅಥವಾ ಶಸ್ತ್ರಚಿಕಿತ್ಸೆಗೆ ಅಳತೆ ಕೊಡಬೇಕಾದಾಗ ಎಷ್ಟು ದಿನ ಮೊದಲು ಲೆನ್ಸ್ ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಗಡುಸು ಲೆನ್ಸ್ ಕಾರ್ನಿಯಾದ ಆಕಾರವನ್ನು ತಾತ್ಕಾಲಿಕವಾಗಿ ಒತ್ತಿಹಿಡಿಯುವುದರಿಂದ ಅದು ಮೂಲಸ್ಥಿತಿಗೆ ಬರಲು ಕೆಲವು ವಾರಗಳೇ ಹಿಡಿಯಬಹುದು.

ಸಾಮಾನ್ಯ ಮರುಪರೀಕ್ಷೆಯ ಕ್ರಮ ಇದಕ್ಕೆ ವಿರುದ್ಧ. ಮೊದಲನೆಯ ಭೇಟಿ ಒಂದೆರಡು ವಾರದಲ್ಲಿ, ಎರಡನೆಯದು ತಿಂಗಳ ಹೊತ್ತಿಗೆ ಇರುತ್ತದೆ. ಆಸ್ಪತ್ರೆಯ ಹೊಸ್ತಿಲಲ್ಲಿ ಹಾಕಿಕೊಂಡ ಲೆನ್ಸಿನಿಂದ ವೈದ್ಯರಿಗೆ ಏನೂ ತಿಳಿಯದು. ಕನಿಷ್ಠ 3–4 ತಾಸು ಧರಿಸಿದ ಲೆನ್ಸಿನೊಡನೆಯೇ ಹೋಗಬೇಕು. ಕೋಡಿಂಬಾಳದವರು ಬೆಳಗ್ಗೆ ಹೊರಡುವ ಮುನ್ನ ಹಾಕಿಕೊಂಡರೆ, ಪ್ರಯಾಣ ಮತ್ತು ಟೋಕನ್ ಹಿಡಿದು ಕಾಯುವ ಹೊತ್ತು ಸೇರಿ, ಸರದಿ ಬರುವಷ್ಟರಲ್ಲಿ ಅಷ್ಟು ತಾಸು ತಾನಾಗಿಯೇ ಆಗಿರುತ್ತದೆ. ಮೆದು ದೂಳಿನ ದಾರಿಯಾದರೆ ಬೈಕು ಬಿಟ್ಟು ಬಸ್ಸೋ ರೈಲೋ ಹಿಡಿಯಿರಿ. ಲೆನ್ಸಿನ ಡಬ್ಬಿ, ದ್ರಾವಣ ಮತ್ತು ಹಳೆಯ ಕನ್ನಡಕವನ್ನು ಚೀಲದಲ್ಲಿಟ್ಟುಕೊಳ್ಳಿ. ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಮರಳುವಾಗ ಲೆನ್ಸ್ ಕೈಯಲ್ಲೇ ಇರುತ್ತದೆ.